ಒತ್ತಡಜನ್ಯ ಮೂತ್ರಸ್ರಾವದ ಶಸ್ತ್ರಚಿಕಿತ್ಸೆ : ‘ವಾಸಿ’ ಎಂಬ ಮಾತಿನ ಇತಿಹಾಸ

ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ತುಂಬಿದ ಕೊಡ ಎತ್ತಿದಾಗ ತಡೆಯಲಾರದೆ ಮೂತ್ರ ಸೋರುವ ಬಾಧೆಗೆ ವೈದ್ಯರು ಒತ್ತಡಜನ್ಯ ಮೂತ್ರಸ್ರಾವವೆಂದು ಹೆಸರಿಟ್ಟಿದ್ದಾರೆ. ಹೊಟ್ಟೆಯೊಳಗಿನ ಒತ್ತಡ ಫಕ್ಕನೆ ಏರಿದಾಗ ಅದನ್ನು ಎದುರಿಸಿ ಮುಚ್ಚಿಕೊಂಡಿರುವ ಶಕ್ತಿ ಮೂತ್ರನಾಳಕ್ಕೆ ಇಲ್ಲದೆ ಹೋಗುವುದೇ ಇದರ ಸ್ವರೂಪ. ಹೆರಿಗೆಯಿಂದ ನಾಳದ ಆಧಾರಗಳು ಸಡಿಲಗೊಳ್ಳುವುದು, ವಯಸ್ಸು, ಸ್ಥೂಲತೆ ಇವು ಇದಕ್ಕೆ ಮುಖ್ಯ ಕಾರಣಗಳು. ಇದು ಪ್ರಾಣ ತೆಗೆಯುವ ರೋಗವಲ್ಲ. ಆದರೆ ಸಭೆ ಸಮಾರಂಭಗಳಿಗೂ ದೂರದ ಪ್ರಯಾಣಕ್ಕೂ ಹೆಂಗಸು ಹಿಂಜರಿಯುವಂತೆ ಮಾಡಬಲ್ಲ ರೋಗ. ಒಂದು ಶತಮಾನಕ್ಕೂ ಮಿಕ್ಕಿ ಸ್ತ್ರೀಯರು ಇದರ ನಿವಾರಣೆಗಾಗಿ ಶಸ್ತ್ರಕ್ಕೆ ಮೈಯೊಡ್ಡಿದ್ದಾರೆ. ಪ್ರಕೃತ ಲೇಖನದಲ್ಲಿ ಆ ಶಸ್ತ್ರಕ್ರಿಯೆಗಳ ವಿವರಕ್ಕಿಂತ ಹೆಚ್ಚಾಗಿ, ಅವುಗಳಿಂದಾದ ಗುಣವನ್ನು ಯಾರು, ಎಷ್ಟು ಕಾಲದ ಮೇಲೆ, ಯಾವ ಅಳತೆಗೋಲಿನಿಂದ ಅಳೆದರು ಎಂಬುದನ್ನು ವಿವೇಚಿಸಲು ನಾವು ಉದ್ದೇಶಿಸಿದ್ದೇವೆ.

ಮೊದಲ ದಶಕಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಬಾಲ್ಟಿಮೋರಿನ ಹೋವರ್ಡ್ ಕೆಲಿ ಅವರು 1914ರಲ್ಲಿ ಮೂತ್ರಾಶಯದ ಕುತ್ತಿಗೆಯ ಕೆಳಗಿನ ಸಡಿಲ ಭಾಗವನ್ನು ಯೋನಿಮಾರ್ಗದಿಂದ ಮಡಿಸಿ ಹೊಲಿಯುವ ವಿಧಾನವನ್ನು ಪ್ರಕಟಿಸಿದರು. ಸುಮಾರು ಅದೇ ಕಾಲದಲ್ಲಿ ಜರ್ಮನಿಯ ವೈದ್ಯರು ರೋಗಿಯ ಸ್ವಂತ ಸ್ನಾಯುವಿನಿಂದ ನಾಳದ ಕೆಳಗೆ ಜೋಲಿ ಕಟ್ಟುವ ಪ್ರಯತ್ನ ಮಾಡಿದರು. 1942ರಲ್ಲಿ ಆಲ್‌ಡ್ರಿಜ್ ಅವರು ಹೊಟ್ಟೆಯ ಸ್ನಾಯುವನ್ನು ಹೊದಿಸಿರುವ ಗಟ್ಟಿ ಪೊರೆಯಿಂದಲೇ ಈ ಜೋಲಿಯನ್ನು ರಚಿಸಿದರು. ಸುಲಭವಾದ ಕಾರಣದಿಂದಲೋ ಏನೋ, ಕೆಲಿಯವರ ಹೊಲಿಗೆ ಹಲವು ದಶಕಗಳವರೆಗೆ ಬಳಕೆಯಲ್ಲಿ ಉಳಿಯಿತು.

1949ರಲ್ಲಿ ಮಾರ್ಷಲ್, ಮಾರ್ಕೆಟ್ಟಿ, ಕ್ರಾಂಟ್ಸ್ ಎಂಬ ಮೂವರು ಬೇರೊಂದು ದಾರಿಯನ್ನು ತೋರಿಸಿದರು. ಹೊಟ್ಟೆಯ ಕೆಳಭಾಗವನ್ನು ತೆರೆದು, ನಾಳದ ಇಕ್ಕೆಲದ ಊತಕವನ್ನು ಮುಂದಿನ ಎಲುಬಿನ ಹೊದಿಕೆಗೆ ಹೊಲಿದು ಮೇಲಕ್ಕೆತ್ತುವುದು ಇವರ ಕ್ರಮ. ಸ್ತ್ರೀಯರ ಚಿಕಿತ್ಸೆಯಾಗಿ ಪ್ರಸಿದ್ಧವಾದ ಇದು ಮೊದಲು ಪ್ರಯೋಗವಾದದ್ದು ಒಬ್ಬ ಪುರುಷನ ಮೇಲೆಂಬುದು ಕುತೂಹಲದ ಸಂಗತಿ. ನ್ಯಾಷ್‌ವಿಲ್ಲಿನ ಜಾನ್ ಬರ್ಚ್ ಅವರು ಇದೇ ಕ್ರಿಯೆಯನ್ನು ಮಾಡುತ್ತಿದ್ದಾಗ ಹೊಲಿಗೆ ಎಲುಬಿನ ಹೊದಿಕೆಯಲ್ಲಿ ನಿಲ್ಲದೆ ಕಿತ್ತುಬರುತ್ತಿತ್ತು. ಗಟ್ಟಿಯಾದ ಆಸರೆಗಾಗಿ ಹುಡುಕಿದ ಅವರು ಹತ್ತಿರದಲ್ಲೇ ಇದ್ದ, ಆಸ್ಟ್ಲಿ ಕೂಪರ್ ಅವರ ಹೆಸರನ್ನು ಹೊತ್ತ ಬಂಧಕವನ್ನು ಆರಿಸಿಕೊಂಡು 1961ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಒಂಬತ್ತು ವರ್ಷಗಳ ಅನುಭವವನ್ನು ಕುರಿತ 1968ರ ವರದಿಯಲ್ಲಿ ಅವರು ಹೇಳಿದ ಯಶಸ್ಸು ಶೇಕಡಾ 93. ನಾಳವನ್ನು ಮುಂದಕ್ಕೆ ಎಳೆದು ಕಟ್ಟುವುದರಿಂದ ಯೋನಿಯ ಹಿಂಭಾಗದಲ್ಲಿ ಕರುಳು ಜಾರಿಬರುವ ತೊಂದರೆ ಕೆಲವರಲ್ಲಿ ಕಾಣಿಸಿಕೊಳ್ಳುತ್ತದೆಂಬುದನ್ನೂ ಅವರೇ ಗಮನಿಸಿದ್ದರು.

ಇಂಥ ಅಂಕಿಗಳನ್ನು ಓದುವಾಗ ಒಂದು ಮಾತನ್ನು ನೆನಪಿಡಬೇಕು. ಶಸ್ತ್ರಕ್ರಿಯೆ ಮಾಡಿದವರೇ ಫಲವನ್ನೂ ನಿರ್ಣಯಿಸುತ್ತಿದ್ದ ಕಾಲ ಅದು. ಮತ್ತೆ ಬಾರದ ರೋಗಿ ಗುಣ ಹೊಂದಿದಳೆಂದು ಭಾವಿಸುವುದು ಸುಲಭವಾಗಿತ್ತು. ಬೇಸತ್ತು ಬೇರೆ ವೈದ್ಯರಲ್ಲಿಗೆ ಹೋದವಳೂ, ಇನ್ನು ಯಾರಿಗೂ ಹೇಳಬಾರದೆಂದು ಮನೆಯಲ್ಲೇ ಉಳಿದವಳೂ ಇಂಥ ಲೆಕ್ಕದಲ್ಲಿ ಒಂದೇ ಆಗುತ್ತಾರೆ. ಬರ್ಚ್ ವಿಧಾನವನ್ನು ಕಾಲದ ಒರೆಗೆ ಹಚ್ಚಿದ ಕೆಲಸ 1995ರಲ್ಲಿ ಲಂಡನ್ನಿನಿಂದ ಬಂತು. ಆಲ್ಕಲೆ, ಮೋಂಗಾ, ಸ್ಟ್ಯಾಂಟನ್ ಅವರು 109 ಸ್ತ್ರೀಯರನ್ನು ಹತ್ತರಿಂದ ಇಪ್ಪತ್ತು ವರ್ಷಗಳ ಮೇಲೆ ಪುನಃ ಪರೀಕ್ಷಿಸಿದರು. ಗುಣದ ಪ್ರಮಾಣ ಮೊದಲ ಹತ್ತು ಹನ್ನೆರಡು ವರ್ಷಗಳವರೆಗೆ ಇಳಿಯುತ್ತ ಹೋಗಿ ಶೇಕಡಾ 69ರಲ್ಲಿ ನಿಂತಿತ್ತು. ಈ ಸಂಖ್ಯೆಯನ್ನು ನಾವು ವಿಧಾನದ ಸೋಲೆಂದು ಎಣಿಸುವುದಿಲ್ಲ. ಇಪ್ಪತ್ತು ವರ್ಷಗಳಲ್ಲಿ ದೇಹವೂ ಮುಪ್ಪಾಗುತ್ತದೆ. ಆದರೆ ‘ವಾಸಿಯಾಯಿತು’ ಎಂಬ ಮಾತಿಗೆ ‘ಎಂದಿನವರೆಗೆ’ ಎಂಬ ಪ್ರಶ್ನೆ ಅಂಟಿಕೊಂಡಿದೆಯೆಂದು ಇದು ಸ್ಪಷ್ಟವಾಗಿ ತೋರಿಸಿತು. 1959ರಲ್ಲಿ ಪೆರೇರಾ ಅವರು ಆರಂಭಿಸಿದ, ಉದ್ದ ಸೂಜಿಯಿಂದ ನಾಳವನ್ನು ತೂಗಿಕಟ್ಟುವ ವಿಧಾನಗಳಿಗೆ ಈ ಪ್ರಶ್ನೆಯೇ ಮುಳುವಾಯಿತು. ಅಮೆರಿಕದ ಮೂತ್ರರೋಗ ವೈದ್ಯರ ಸಂಘ 1997ರಲ್ಲಿ ಹಳೆಯ ವರದಿಗಳನ್ನೆಲ್ಲ ಕ್ರೋಡೀಕರಿಸಿದಾಗ, ನಾಲ್ಕು ವರ್ಷ ದಾಟಿದ ಮೇಲೆ ಹೊಟ್ಟೆಯ ಮೂಲಕ ಎತ್ತಿಕಟ್ಟುವ ಕ್ರಿಯೆಗೆ ಶೇಕಡಾ 84, ಜೋಲಿಗೆ 83, ಸೂಜಿಯ ವಿಧಾನಕ್ಕೆ 67, ಯೋನಿಮಾರ್ಗದ ಹೊಲಿಗೆಗೆ 61 ಬಂತು.

ಇಷ್ಟರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಉಲ್ಮ್‌ಸ್ಟೆನ್ ಅವರು 1996ರಲ್ಲಿ ಹೊಸ ವಿಧಾನವೊಂದನ್ನು ಪ್ರಕಟಿಸಿದ್ದರು. ನಾಳದ ನಡುಭಾಗದ ಕೆಳಗೆ ಪಾಲಿಪ್ರೊಪಿಲೀನಿನ ಸಣ್ಣ ಜಾಲಪಟ್ಟಿಯನ್ನು ಬಿಗಿಯದೆ ಇರಿಸುವುದು, ಅದೂ ಆ ಭಾಗಕ್ಕೆ ಮಾತ್ರ ಮರವೆ ಬರಿಸಿ! ಹೊಟ್ಟೆ ಕೊಯ್ಯಬೇಕಾಗಿಲ್ಲ, ಬಹುಕಾಲ ಆಸ್ಪತ್ರೆಯಲ್ಲಿ ಮಲಗಬೇಕಾಗಿಲ್ಲ. ಕೆಲವೇ ವರ್ಷಗಳಲ್ಲಿ ಅದು ಹಳೆಯ ಕ್ರಿಯೆಗಳನ್ನು ಮೂಲೆಗೊತ್ತಿದುದರಲ್ಲಿ ಆಶ್ಚರ್ಯವಿಲ್ಲ. ಉತ್ತರ ಯೂರೋಪಿನ ವೈದ್ಯರು ಮೊದಲ 90 ಸ್ತ್ರೀಯರನ್ನು ಹದಿನೇಳು ವರ್ಷ ಬಿಡದೆ ಹಿಂಬಾಲಿಸಿದರು. 2013ರ ಅವರ ವರದಿಯಂತೆ ಪರೀಕ್ಷೆಯಲ್ಲಿ ಸೋರದೆ ಇದ್ದವರು ಶೇಕಡಾ 91ಕ್ಕೂ ಮಿಕ್ಕು. ಈ ತಾಳ್ಮೆ ಶ್ಲಾಘನೀಯವಾದದ್ದು. ಆದರೂ ಚಿಕಿತ್ಸಾಲಯಕ್ಕೆ ಬಂದು ಪರೀಕ್ಷೆಗೆ ಒಳಗಾದವರು 46 ಮಂದಿ, ಅವರಲ್ಲಿ 42 ಮಂದಿ ಎಂಬುದು ಈ ಶೇಕಡಾವಾರಿನ ಅರ್ಥ. ಉಳಿದವರಲ್ಲಿ ಕೆಲವರನ್ನು ದೂರವಾಣಿಯಲ್ಲಷ್ಟೇ ವಿಚಾರಿಸಲಾಯಿತು.

ಗೈರುಹಾಜರಾದವರು ಫಲಿತಾಂಶವನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲರೆಂಬುದಕ್ಕೆ ಬ್ರಿಟನ್ನಿನ ವಾರ್ಡ್ ಮತ್ತು ಹಿಲ್ಟನ್ ಅವರ ಪ್ರಯೋಗಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಕಾಣದು. 14 ಕೇಂದ್ರಗಳಲ್ಲಿ 344 ಸ್ತ್ರೀಯರನ್ನು ಜಾಲಪಟ್ಟಿಗೂ ಬರ್ಚ್ ಮಾದರಿಯ ಕ್ರಿಯೆಗೂ ಚೀಟಿ ಎತ್ತಿದಂತೆ ಹಂಚಲಾಗಿತ್ತು. ಎರಡು ವರ್ಷಗಳ ಮೇಲೆ, ಬಾರದವರೆಲ್ಲರಿಗೂ ಗುಣವಾಗಿಲ್ಲವೆಂದು ಎಣಿಸಿದರೆ ಜಾಲಪಟ್ಟಿಗೆ ಶೇಕಡಾ 63, ಇನ್ನೊಂದಕ್ಕೆ 51. ಲೆಕ್ಕದ ಕ್ರಮವನ್ನು ಬದಲಿಸಿದರೆ ಎರಡೂ 80ನ್ನು ದಾಟಿ ಸರಿಸಮವಾಗುತ್ತಿದ್ದವು.

ಅಳತೆಗೋಲಿನ ಪ್ರಭಾವವೂ ಇಷ್ಟೇ ದೊಡ್ಡದು. ಅಮೆರಿಕದಲ್ಲಿ 655 ಸ್ತ್ರೀಯರ ಮೇಲೆ ಸ್ವಂತ ಪೊರೆಯ ಜೋಲಿಯನ್ನೂ ಬರ್ಚ್ ಕ್ರಿಯೆಯನ್ನೂ ಹೋಲಿಸಿದ ಪ್ರಯೋಗದ ಫಲ 2007ರಲ್ಲಿ ಹೊರಬಂತು. ಜೋಲಿ ಮೇಲಾಯಿತು, ಮೂತ್ರದ ಸೋಂಕು, ಮೂತ್ರ ಹೊರಡಿಸಲು ಕಷ್ಟ ಇವೂ ಜೋಲಿಯಲ್ಲೇ ಹೆಚ್ಚಾದುವು. ಇವರಲ್ಲಿ ಮುಂದುವರಿದವರ ಐದು ವರ್ಷಗಳ ಫಲ 2012ರಲ್ಲಿ ಪ್ರಕಟವಾದಾಗ ಸೋರುವಿಕೆಯಿಂದ ಪೂರ್ಣ ಮುಕ್ತರಾಗಿದ್ದವರು ಜೋಲಿಯಲ್ಲಿ ಶೇಕಡಾ 30.8, ಬರ್ಚ್ ಕ್ರಿಯೆಯಲ್ಲಿ 24.1 ಮಾತ್ರ. ಯಾವ ಬಗೆಯ ಸೋರುವಿಕೆಯಿದ್ದರೂ ಸೋಲೆಂದು ಎಣಿಸಿದ ಕಠಿಣ ಲಕ್ಷಣ ಅದು. ಆದರೆ ತೃಪ್ತಿಯಾಗಿದೆಯೇ ಎಂದು ಕೇಳಿದಾಗ ಶೇಕಡಾ 83 ಮತ್ತು 73 ಮಂದಿ ಆಗಿದೆಯೆಂದೇ ಉತ್ತರಿಸಿದರು. ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಪರಸ್ಪರ ವಿರುದ್ಧವಲ್ಲ. ದಿನವೂ ಬಟ್ಟೆ ಬದಲಿಸುತ್ತಿದ್ದವಳಿಗೆ ತಿಂಗಳಿಗೊಮ್ಮೆ ಎರಡು ಹನಿ ಸೋರಿದರೆ, ಅವಳ ಲೆಕ್ಕದಲ್ಲಿ ಅದು ಸೋಲಲ್ಲ.

ಇದೇ ನ್ಯಾಯ ಇನ್ನೊಂದು ಕಡೆಗೂ ಸಲ್ಲುತ್ತದೆ. ಸೋರುವುದು ನಿಂತರೂ ಜಾಲಪಟ್ಟಿ ಊತಕವನ್ನು ಕೊರೆದು ಹೊರಬಂದವರು, ಬಿಡದ ನೋವಿಗೆ ಸಿಕ್ಕಿ ನಡೆಯಲೂ ಕುಳಿತುಕೊಳ್ಳಲೂ ಕಷ್ಟಪಟ್ಟವರು ಇದ್ದರು. ಇಂಗ್ಲೆಂಡಿನ ಆಸ್ಪತ್ರೆಗಳ ದಾಖಲೆಗಳಿಂದ 95,057 ಸ್ತ್ರೀಯರನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಂತೆ, ಒಂಬತ್ತು ವರ್ಷಗಳಲ್ಲಿ ಪಟ್ಟಿಯನ್ನು ತೆಗೆಸಿಕೊಳ್ಳಬೇಕಾಗಿ ಬಂದವರು ಶೇಕಡಾ 3.3. ಪ್ರಮಾಣ ಚಿಕ್ಕದು. ಆದರೆ ಅದು ಎಣಿಸುವುದು ತೆಗೆದ ಪಟ್ಟಿಗಳನ್ನು. ನೋವನ್ನು ನುಂಗಿಕೊಂಡು ಹಾಗೆಯೇ ಇದ್ದವಳು ಅದರಲ್ಲಿ ಬರುವುದಿಲ್ಲ. ಸ್ತ್ರೀಯರು ತಾವೇ ಸಂಘಟಿತರಾಗಿ ದೂರು ಕೊಟ್ಟ ಮೇಲೆ 2014ರಲ್ಲಿ ಸ್ಕಾಟ್ಲೆಂಡ್, 2018ರ ಜುಲೈಯಲ್ಲಿ ಇಂಗ್ಲೆಂಡ್ ಇದರ ಬಳಕೆಯನ್ನು ತಡೆಹಿಡಿದುವು. 2023ರಲ್ಲಿ ನ್ಯೂಜಿಲೆಂಡ್ ಸಹ ಹಾಗೆಯೇ ಮಾಡಿತು. ಮೂಲೆ ಸೇರಿದ್ದ ಬರ್ಚ್ ಕ್ರಿಯೆ ಮತ್ತು ಸ್ವಂತ ಪೊರೆಯ ಜೋಲಿಗಳನ್ನು ಶಸ್ತ್ರವೈದ್ಯರು ಪುನಃ ಕೈಗೆತ್ತಿಕೊಂಡರು.

ಬ್ಯಾರನೆಸ್ ಕಂಬರ್ಲೆಜ್ ಅವರ ಅಧ್ಯಕ್ಷತೆಯ ವಿಚಾರಣೆ 2020ರ ಜುಲೈಯಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಎಷ್ಟು ಮಂದಿ ಸ್ತ್ರೀಯರಿಗೆ ಹಾನಿಯಾಗಿದೆಯೆಂಬುದನ್ನು ಹೇಳಲು ಆರೋಗ್ಯ ವ್ಯವಸ್ಥೆಗೆ ಸಾಧ್ಯವಿಲ್ಲವೆಂದು ಅದು ಕಂಡುಕೊಂಡಿತು. ದೇಹದಲ್ಲಿ ಇಂಥ ಸಾಧನವನ್ನು ಇರಿಸುವ ಪ್ರತಿಯೊಂದು ಶಸ್ತ್ರಕ್ರಿಯೆಯನ್ನೂ ರೋಗಿಯ ಗುರುತಿನೊಡನೆ ದಾಖಲೆ ಮಾಡತಕ್ಕದ್ದೆಂದು ಶಿಫಾರಸು ಮಾಡಿತು. ಕೆಲಿಯವರ ಲೇಖನ ಪ್ರಕಟವಾಗಿ ಆಗ 106 ವರ್ಷಗಳು ಸಂದಿದ್ದುವು.