ಅಚ್ಚುಮೊಳೆಯಿಂದ ಫಾಂಟಿನವರೆಗೆ



ನಮ್ಮ ಬ್ರಿಕ್‌ಫೀಲ್ಡ್ಸ್‌ಗೆ ಕನ್ನಡದಲ್ಲಿ ಹೆಸರಿಡುವುದಾದರೆ 'ಇಟ್ಟಿಗೆ ಬಯಲು' ಎನ್ನಬೇಕು. 1881ರಲ್ಲಿ ಬೆಂಕಿ ಮತ್ತು ಪ್ರವಾಹ ಸೇರಿ ಕೌಲಾಲಂಪುರದ ಮರ-ಗರಿಗಳ ಮನೆಗಳನ್ನು ನುಂಗಿದ ಮೇಲೆ, ಊರನ್ನು ಇಟ್ಟಿಗೆಯಲ್ಲಿ ಮತ್ತೆ ಕಟ್ಟಲು ಇಲ್ಲಿ ಗೂಡುಗಳು ಉರಿದವು. ಇಟ್ಟಿಗೆಗೆ ಬೇಕಾದದ್ದು ಅಚ್ಚು. ಬೆಲ್ಲಕ್ಕೂ ಅಚ್ಚು, ಪುಸ್ತಕಕ್ಕೂ ಅಚ್ಚು! ಕನ್ನಡಿಗರು ಮುದ್ರಣಕ್ಕೆ ಹೊಸ ಪದ ಹುಡುಕಿಕೊಂಡು ಅಲೆಯಲಿಲ್ಲ. ಮಲಯ ಭಾಷೆಯಲ್ಲಿ ರಾಜಮುದ್ರೆಗೆ 'ಚಾಪ್ ಮೊಹೊರ್' ಎನ್ನುತ್ತಾರೆ. ನಮ್ಮ ಛಾಪಾ ಕಾಗದ, ಮೊಹರು ಎರಡೂ ಅದರಲ್ಲಿ ಕಾಣುತ್ತವೆ. ಪದಗಳಿಗೆ ಪಾಸ್‌ಪೋರ್ಟ್ ಬೇಕಿಲ್ಲ.

ಫಾಂಟ್, ಪಾಯಿಂಟ್, ಲೆಡಿಂಗ್, ಕರ್ನಿಂಗ್ ಎಂಬ ಮಾತುಗಳನ್ನು ನಾವು ದಿನವೂ ಕಂಪ್ಯೂಟರಿನಲ್ಲಿ ನೋಡುತ್ತೇವೆ. ಇವೆಲ್ಲ ಕಂಪ್ಯೂಟರಿಗಿಂತ ಬಹಳ ಹಳೆಯವು. ಫಾಂಟ್ ಎಂಬುದರ ಬೇರು 'ಕರಗಿಸು' ಎಂಬರ್ಥದ ಫ್ರೆಂಚ್ ಪದದಲ್ಲಿದೆ. ಸೀಸ, ತವರ, ಆಂಟಿಮನಿ ಬೆರೆಸಿ, ಕರಗಿಸಿ, ಎರಕ ಹೊಯ್ದರೆ ಅಚ್ಚುಮೊಳೆ. ಒಂದು ಅಳತೆಯ, ಒಂದು ಬಗೆಯ ಮೊಳೆಗಳ ಪೂರ್ಣ ಜೊತೆಯೇ ಫಾಂಟ್. ಪಾಯಿಂಟ್ ಎಂದರೆ ಅದರ ಅಳತೆ. ಇಂದಿನ ಕಂಪ್ಯೂಟರಿನಲ್ಲಿ ಒಂದು ಅಂಗುಲದ 72ನೇ ಒಂದು ಭಾಗ. ಸಾಲುಗಳ ನಡುವೆ ಸೀಸದ ಪಟ್ಟಿ ಇಟ್ಟು ಜಾಗ ಬಿಡುತ್ತಿದ್ದರು, ಅದು ಲೆಡಿಂಗ್. ಎರಡು ಅಕ್ಷರಗಳ ನಡುವಿನ ಸಂದನ್ನು ಕಣ್ಣಿಗೆ ಒಪ್ಪುವಂತೆ ಹೊಂದಿಸುವುದು ಕರ್ನಿಂಗ್. ಇಂಗ್ಲಿಷಿನ ದೊಡ್ಡ ಅಕ್ಷರಗಳ ಮೊಳೆ ಮೇಲಿನ ಮರದ ಪೆಟ್ಟಿಗೆಯಲ್ಲಿ, ಸಣ್ಣವು ಕೆಳಗಿನದರಲ್ಲಿ ಇರುತ್ತಿದ್ದವು. 'ಅಪ್ಪರ್ ಕೇಸ್', 'ಲೋವರ್ ಕೇಸ್' ಬಂದದ್ದು ಹೀಗೆ. ನಮ್ಮಲ್ಲಿ ಅಕ್ಷರಗಳಿಗೆ ಈ ಮೇಲು ಕೀಳು ಇಲ್ಲ.

ಆದರೆ ನಮ್ಮ ಕಷ್ಟ ಬೇರೆ. ಇಂಗ್ಲಿಷ್ ಅಕ್ಷರಗಳು ರೈಲುಡಬ್ಬಿಗಳಂತೆ ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡಕ್ಕೆ ತಲೆಕಟ್ಟು, ಗುಡಿಸು, ಕೊಂಬು, ಏತ್ವ, ಕೆಳಗೆ ಜೋತಾಡುವ ಒತ್ತಕ್ಷರ. 'ಕರ್ಮ' ಎನ್ನುವಾಗ ಮೊದಲು ಉಚ್ಚರಿಸುವ ರಕಾರ, ಬರೆಯುವಾಗ ಅರ್ಕಾವೊತ್ತಾಗಿ ಹಿಂದೆ ಹೋಗಿ ಕೂರುತ್ತದೆ! ಇಂಗ್ಲಿಷಿಗೆ ಸಾಕಾಗುವ ಲೆಡಿಂಗ್ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಕನ್ನಡ ಪುಟಕ್ಕೆ ಸ್ವಲ್ಪ ಹೆಚ್ಚು ಗಾಳಿ ಬೇಕು.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಆದರೆ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಮೊಳೆಯದ್ದಲ್ಲ, ಕಲ್ಲಚ್ಚಿನದು. ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಮೂಡಿಸಿದ್ದೇ ಕಾಗದಕ್ಕೆ ಇಳಿಯುವ ವಿಧಾನ. ಒತ್ತು ಎಲ್ಲಿ ಜೋತರೂ ಕಲ್ಲಿಗೆ ತಕರಾರಿಲ್ಲ. ನಮ್ಮ ನೆರೆಯ ಸಿಂಗಾಪುರದಲ್ಲೂ ಇದೇ ಕತೆ. ಅಕ್ಷರಗಳು ಒಂದಕ್ಕೊಂದು ಕೈಹಿಡಿದು ನಡೆಯುವ ಜಾವಿ ಲಿಪಿಯಲ್ಲಿ, ಮುನ್ಷಿ ಅಬ್ದುಲ್ಲಾನ 'ಹಿಕಾಯತ್ ಅಬ್ದುಲ್ಲಾ' 1849ರಲ್ಲಿ ಕಲ್ಲಚ್ಚಿನಲ್ಲೇ ಬಂತು. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಮೊಳೆಗಳನ್ನೂ ಪಳಗಿಸಿತು. 1894ರ ಕಿಟೆಲ್ ನಿಘಂಟು, 1,700ಕ್ಕೂ ಹೆಚ್ಚು ಪುಟಗಳಲ್ಲಿ ಕನ್ನಡ ಮತ್ತು ರೋಮನ್ ಅಕ್ಷರಗಳನ್ನು ಒಟ್ಟಿಗೆ ಕೂರಿಸಿದ್ದನ್ನು ನೋಡಿದರೆ ಮೊಳೆ ಜೋಡಿಸಿದವರ ಬೆರಳುಗಳಿಗೆ ಕೈಮುಗಿಯಬೇಕೆನಿಸುತ್ತದೆ. ಮುಖಪುಟದಲ್ಲಿ ಅವರ ಹೆಸರಿಲ್ಲ.

ನಮ್ಮ ಕಸುಬಿನ ಕಾಲಕ್ಕೆ ಬರೋಣ. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಎಲ್ಲರ ಕೆ.ಪಿ. ರಾವ್, ಒಂದು ಸರಳ ಮಾತು ಕಂಡುಕೊಂಡರು: ಬೆರಳು ಒತ್ತಬೇಕಾದದ್ದು ಧ್ವನಿಯನ್ನು, ಆಕಾರವನ್ನಲ್ಲ. ವ್ಯಂಜನ, ಸ್ವರ ಒತ್ತಿದರೆ ಸಾಕು. ಕೊಂಬು, ಒತ್ತುಗಳನ್ನು ಜೋಡಿಸುವ ಕೂಲಿ ಯಂತ್ರದ್ದು. ನುಡಿ ತಂತ್ರಾಂಶದ ಕೀಲಿಮಣೆಯ ಹಿಂದಿರುವುದು ಈ ತತ್ವವೇ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಪರದೇಶದ ಎಷ್ಟೋ ಕನ್ನಡಿಗರು ಮತ್ತೆ ಕನ್ನಡದಲ್ಲಿ ಬರೆಯತೊಡಗಿದ್ದು ಇವುಗಳಿಂದ.

ಆದರೆ ಆ ಕಾಲದ ಫಾಂಟುಗಳಲ್ಲಿ ಒಂದು ಗುಟ್ಟಿತ್ತು. ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಜಾಗದಲ್ಲಿ ಬಾಡಿಗೆಗೆ ಕೂರಿಸಿದ್ದರು. ಕಡತದೊಳಗೆ ಇದ್ದದ್ದು ಕನ್ನಡದ ವೇಷ ಮಾತ್ರ. ಫಾಂಟ್ ತೆಗೆದರೆ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳ ಸಾಲು. 1991ರ ಯುನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆ ಕೊಟ್ಟಿತು. ಅಲ್ಲಿ 'ಸ್ತ್ರೀ' ಎಂದರೆ ಆರು ಸಂಕೇತಗಳು. ಅವನ್ನು ಒಂದೇ ಆಕಾರವಾಗಿ ತೋರಿಸುವುದು ಫಾಂಟಿನ ಕೆಲಸ. ಅಕ್ಷರ ಬೇರೆ, ಅಕ್ಷರದ ಉಡುಪು ಬೇರೆ. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ 'ತುಂಗಾ' ಫಾಂಟ್ ಬಂದ ಮೇಲೆ ಈ ಮನೆಗೆ ನಿಧಾನವಾಗಿ ಒಕ್ಕಲು ಬಂತು.

ಇಷ್ಟೆಲ್ಲ ಹೇಳಿದ್ದು ಪಾಂಡಿತ್ಯಕ್ಕಲ್ಲ. ನಮ್ಮಲ್ಲಿ ಅನೇಕರ ಹಳೆಯ ಕತೆ, ಕವನ, ಸಂಘದ ಸ್ಮರಣ ಸಂಚಿಕೆಗಳು ಇನ್ನೂ ಆ ಬಾಡಿಗೆ ಮನೆಯಲ್ಲೇ ಇವೆ. ಕಿಟೆಲ್ ನಿಘಂಟಿನ ಕಾಗದವನ್ನು ಇಂದೂ ಬಿಡಿಸಿ ಓದಬಹುದು. ನಿನ್ನೆ ಮೊನ್ನೆಯ ಈ ಕಡತಗಳನ್ನು ತೆರೆದರೆ ನಮ್ಮ ಮಕ್ಕಳಿಗೆ ಕಾಣುವುದು ಚಿಹ್ನೆಗಳ ಗೋಜಲು. ಅವರಿಗೆ ಕನ್ನಡ ಓದಲು ಕಲಿಸಿಯೂ ಓದಲು ನಮ್ಮದೇ ಬರಹ ಉಳಿಯದಿದ್ದರೆ? ಯುನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಯಂತ್ರ ಎಡವುವುದು ಅಲ್ಲೇ. ಒಂದು ಭಾನುವಾರದ ಮಧ್ಯಾಹ್ನಕ್ಕೆ ಒಂದು ಕಡತ ಸಾಕು. ಕಾಫಿಯ ಜೊತೆ ಮುಗಿಯುವ ಕೆಲಸ.