ಬಂದವರಲ್ಲಿ ಒಬ್ಬಳು

ಒಂದು ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳನ್ನು ದೇವರಮನೆಗೆ ಕರೆದುಕೊಂಡು ಹೋಗಿದ್ದೆವು. ಮೂಡಿಗೆರೆ ಸೀಮೆಯವರಿಗೆ ಆ ಬೆಟ್ಟದ ಪರಿಚಯ ಬೇಕಿಲ್ಲ. ಕಾಲಭೈರವೇಶ್ವರನ ಗುಡಿ, ಎದುರಿಗೆ ಕೊಳ, ಸುತ್ತ ಹುಲ್ಲುಗುಡ್ಡ, ಕಣಿವೆಯಿಂದ ಏರಿ ಬರುವ ಮಂಜು. ಕೊಳದ ಬದಿಯಲ್ಲಿ ಕುಳಿತು ಬುತ್ತಿ ಉಂಡು, ಸಂಜೆಯೊಳಗೆ ಊರು ಸೇರಿದೆವು. ಮಾರನೆಯ ದಿನ, "ನಿಮ್ಮ ಬಗ್ಗೆ, ಪ್ರವಾಸದ ಬಗ್ಗೆ ಇಂಗ್ಲೀಷಿನಲ್ಲಿ ಹತ್ತು ವಾಕ್ಯ ಬರೆಯಿರಿ" ಎಂದೆ.

ತೋಟದ ಲೈನ್ ಮನೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳ ಮೊದಲ ವಾಕ್ಯ ಹೀಗಿತ್ತು: "ಐ ಆಮ್ ಒನ್ ಆಫ್ ದಿ ಗರ್ಲ್ಸ್ ಹೂ ವಾಕ್ ಟು ಸ್ಕೂಲ್." ನಾನು ಕೆಂಪು ಶಾಯಿಯಲ್ಲಿ 'ವಾಕ್' ಅನ್ನು 'ವಾಕ್ಸ್' ಮಾಡಿದೆ, ಅರ್ಧ ಅಂಕ ಕಳೆದೆ. ಅವಳು ಪುಸ್ತಕ ಹಿಡಿದು ಬಂದಳು. "ಟೀಚರ್, ನಡ್ಕೊಂಡು ಬರೋರು ನಾವು ಎಂಟು ಜನ ಅಲ್ವಾ?" ಎಂದಳು. "ಒನ್ ಅಂದ್ರೆ ಒಂದೇ. ಹೋಗಿ ಕೂತ್ಕೋ" ಎಂದೆ. ತರಗತಿ ನಕ್ಕಿತು. ಅವಳು ಹೋಗಿ ಕುಳಿತಳು.

ಆ ರಾತ್ರಿ ಅಡಿಗೆ ಮುಗಿಸಿ ಕುಳಿತಾಗ 'ಎಂಟು ಜನ' ಎಂಬ ಮಾತು ಬಿಡಲಿಲ್ಲ. ಬಿ.ಎಡ್. ಕಾಲದಿಂದ ಜೊತೆಗಿದ್ದ ರೆನ್ ಮತ್ತು ಮಾರ್ಟಿನ್ ವ್ಯಾಕರಣವನ್ನು ತೆಗೆದೆ. 'ಹೂ' ಎಂಬುದು ಯಾವ ಪದದ ಬದಲಿಗೆ ನಿಂತಿದೆಯೋ ಆ ಪದದ ವಚನ, ಪುರುಷಗಳನ್ನು ಕ್ರಿಯಾಪದ ಅನುಸರಿಸಬೇಕು. ಇಲ್ಲಿ 'ಹೂ' ನಿಂತಿರುವುದು 'ಒನ್' ಬದಲಿಗಲ್ಲ, 'ಗರ್ಲ್ಸ್' ಬದಲಿಗೆ. ಹುಡುಗಿ ಬರೆದದ್ದೇ ಸರಿ; ತಿದ್ದಿದ ನಾನೇ ತಪ್ಪು.

ಈ ನಿಯಮ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದೆ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ 1762ರಲ್ಲಿ ಒಂದು ಚಿಕ್ಕ ಇಂಗ್ಲೀಷ್ ವ್ಯಾಕರಣ ಪ್ರಕಟಿಸಿದ. ದೊಡ್ಡ ದೊಡ್ಡ ಕವಿಗಳ ತಪ್ಪುಗಳನ್ನೂ ಅದರಲ್ಲಿ ಎತ್ತಿ ತೋರಿಸಿದ. ಅವನ ಹಾದಿಯಲ್ಲೇ ನಡೆದವನು ಲಿಂಡ್ಲೆ ಮರ್ರೆ. ಅಮೆರಿಕದಲ್ಲಿ ವಕೀಲನಾಗಿದ್ದವನು ಇಂಗ್ಲೆಂಡಿನ ಯಾರ್ಕ್ ಬಳಿ ಬಂದು ನೆಲೆಸಿದ. ಅವನ ವ್ಯಾಕರಣ 1795ರಲ್ಲಿ ಅಚ್ಚಾಯಿತು. ಅದನ್ನು ಬರೆದದ್ದು ಯಾರ್ಕಿನ ಕ್ವೇಕರ್ ಪಂಥದವರ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ! ಲೋಕವೆಲ್ಲ ಓದಿದ ವ್ಯಾಕರಣ ಹುಟ್ಟಿದ್ದು ಹೆಣ್ಣುಮಕ್ಕಳ ಪಾಠಕ್ಕೆಂದು ತಿಳಿದಾಗ ಹಿತವೆನಿಸಿತು. ನಮ್ಮ ದೇಶದಲ್ಲಿ 1835ರ ನಂತರ ಇಂಗ್ಲೀಷ್ ಶಿಕ್ಷಣಕ್ಕೆ ಸರ್ಕಾರದ ಬಲ ಸಿಕ್ಕಿತು. ರೆನ್ ಮತ್ತು ಮಾರ್ಟಿನ್ ಪುಸ್ತಕ ಬಂದದ್ದು 1930ರ ದಶಕದಲ್ಲಿ. ಆ ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವನು, ಕಾದಂಬರಿಕಾರ ಕೂಡ.

ನಿಯಮವೇನೋ ಬಂತು. ಆದರೆ ಇಂಗ್ಲೀಷರೇ ಇಲ್ಲಿ ಎಡವುತ್ತಾರೆ. 'ಒನ್' ಎಂಬುದು ಕಣ್ಣಿಗೆ ದೊಡ್ಡದಾಗಿ ಕಾಣುವುದರಿಂದ ಹೆಸರಾಂತ ಲೇಖಕರೂ ಏಕವಚನ ಬಳಸಿದ್ದುಂಟು. 1611ರ ಇಂಗ್ಲೀಷ್ ಬೈಬಲಿನ ಪ್ರಾರ್ಥನೆಯಲ್ಲಿ ತಂದೆಯನ್ನು 'ನೀನು' ಎಂದು ಕರೆಯುವುದರಿಂದ 'ವಿಚ್' ನಂತರ 'ಈಸ್' ಬರದೆ 'ಆರ್ಟ್' ಬರುತ್ತದೆ. ಕಾನ್ವೆಂಟಿನಲ್ಲಿ ಅದನ್ನು ಬಾಯಿಪಾಠ ಮಾಡಿದವರು ಆ ನಿಯಮವನ್ನು ತಿಳಿಯದೆಯೇ ಹೇಳುತ್ತಿದ್ದರು.

ನಮ್ಮ ಮಕ್ಕಳ ಕಷ್ಟ ಬೇರೆಯದು. ಕನ್ನಡದಲ್ಲಿ ಬಂದನು, ಬಂದಳು, ಬಂದರು, ಬಂದೆನು ಎಂದು ಕ್ರಿಯಾಪದ ಕರ್ತೃವಿನ ಹಿಂದೆಯೇ ಹೋಗುತ್ತದೆ. ಆದರೆ ಬಂದ ಹುಡುಗ, ಬಂದ ಹುಡುಗಿ, ಬಂದ ಮಕ್ಕಳು, ದೂರದಿಂದ ಬಂದ ನಾನು ಎನ್ನುವಾಗ 'ಬಂದ' ಬದಲಾಗುವುದಿಲ್ಲ. ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಇಂಥವನ್ನು ನಮ್ಮವರು ಕೃದಂತವೆಂದರು. 1817ರಲ್ಲಿ ಸೆರಾಂಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿಯಿಂದ 1903ರಲ್ಲಿ ಮಂಗಳೂರಿನಿಂದ ವ್ಯಾಕರಣ ಹೊರತಂದ ಕಿಟ್ಟೆಲ್ ವರೆಗೆ ಎಷ್ಟೋ ಪಾದ್ರಿಗಳು ನಮ್ಮ ನುಡಿಯನ್ನು ಇಂಗ್ಲೀಷಿನಲ್ಲಿ ವಿವರಿಸಲು ಹೆಣಗಿದರು. ಅವರಿಗೆ 'ಹೂ' ಇಲ್ಲದ ನುಡಿ ಸೋಜಿಗ. ನಮ್ಮ ಮಕ್ಕಳಿಗೆ 'ಹೂ' ಇರುವ ನುಡಿ ತೊಡಕು. 'ದಿ ಬಾಯ್ಸ್ ಹೂ ಕಮ್ಸ್' ಎಂದು ಬರೆಯುವ ಮಗು ದಡ್ಡನಲ್ಲ. 'ಬರುವ' ಎಂಬ ಪದಕ್ಕೆ ವಚನವೇ ಇಲ್ಲದ ಮನೆಯಿಂದ ಬಂದವನು, ಅಷ್ಟೆ.

ಹಾಗಂತ ಕನ್ನಡ ಕೈಬಿಡುವುದಿಲ್ಲ. ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: 'ನಡೆದು ಬರುವ ಹುಡುಗಿಯರಲ್ಲಿ ನಾನೊಬ್ಬಳು.' 'ಬರುವ' ಯಾವ ಪದಕ್ಕೆ ಅಂಟಿಕೊಂಡಿದೆ? ಹುಡುಗಿಯರಿಗೆ. ಆದ್ದರಿಂದ ಇಂಗ್ಲೀಷಿನಲ್ಲಿ ಬಹುವಚನ, 'ವಾಕ್'. 'ಹುಡುಗಿಯರಲ್ಲಿ ನಡೆದು ಬರುವವಳು ನಾನೊಬ್ಬಳೇ' ಎಂದರೆ 'ಬರುವ' ಅವಳಿಗೆ ಅಂಟಿತು. ಆಗ 'ದಿ ಓನ್ಲಿ ಒನ್ ಹೂ ವಾಕ್ಸ್'. ಆ ಹುಡುಗಿ ಮಾಡಿದ್ದು ಇದನ್ನೇ. ಅವಳಿಗೆ ನಿಯಮದ ಹೆಸರು ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಾಫಿ ತೋಟದ ನಡುವೆ ತನ್ನ ಜೊತೆ ನಡೆಯುವ ಏಳು ಮಂದಿ ಗೊತ್ತಿದ್ದರು.

ಮರುದಿನ ತರಗತಿಯಲ್ಲಿ ಅವಳ ವಾಕ್ಯವನ್ನು ಬೋರ್ಡಿನ ಮೇಲೆ ಬರೆದೆ. "ನಿನ್ನೆ ನಾನು ತಪ್ಪು ತಿದ್ದಿದ್ದೆ. ಇವಳು ಬರೆದದ್ದೇ ಸರಿ" ಎಂದೆ. ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಅಷ್ಟು ವರ್ಷದ ಅಭ್ಯಾಸ ನೋಡಿ. ಕಳೆದ ಅರ್ಧ ಅಂಕ ಹಾಕಿ ಕೊಟ್ಟೆ. ಅವಳು ಏನೂ ಹೇಳಲಿಲ್ಲ, ಪುಸ್ತಕವನ್ನು ಎದೆಗೊತ್ತಿಕೊಂಡು ಕುಳಿತಳು.

ಅವಳು ಈಗ ಎಲ್ಲಿದ್ದಾಳೋ ತಿಳಿಯದು. ಆದರೆ ಅಂದಿನಿಂದ ಕೆಂಪು ಶಾಯಿ ಹಿಡಿಯುವ ಮೊದಲು, "ಯಾಕೆ ಹೀಗೆ ಬರೆದೆ, ಮಗಾ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಮನೆಯಲ್ಲಿ ಮಕ್ಕಳ ಪಾಠ ನೋಡುವ ತಾಯಂದಿರಿಗೂ ನಾನು ಹೇಳುವುದು ಇದನ್ನೇ. ತಪ್ಪು ಮಾಡಿದವರಲ್ಲಿ ನಾನೂ ಒಬ್ಬಳು.