ಸೂರ್ಯಾಸ್ತದಾಚೆಯ ಆಗುಂಬೆ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ ಮಕ್ಕಳ ಪ್ರವಾಸವೆಂದರೆ ಬಹುಕಾಲ ಸೂರ್ಯಾಸ್ತದ ನೋಟ, ಜೊತೆಗೊಂದು ಬುತ್ತಿ. 1980ರ ದಶಕದಲ್ಲಿ ಶಂಕರ್ ನಾಗ್ ಇಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಿಸಿದ ಮೇಲೆ ಅದರ ಬಾಲನಾಯಕ ಸ್ವಾಮಿಯ ಊರೆಂಬ ಆಕರ್ಷಣೆಯೂ ಸೇರಿತು. ಕಾಡು ಮಾತ್ರ ಹಿನ್ನೆಲೆಯಾಗಿಯೇ ಉಳಿಯಿತು. ಉರಗತಜ್ಞ ರೊಮ್ಯುಲಸ್ ವಿಟೇಕರ್ 2005ರಲ್ಲಿ ವಿಟ್ಲಿ ಪ್ರಶಸ್ತಿಯ ಹಣದ ನೆರವಿನಿಂದ ಇದೇ ಕಾಡಿನ ಅಧ್ಯಯನಕ್ಕೆ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. ಅಲ್ಲಿ ಕಾಳಿಂಗ ಸರ್ಪಗಳ ದೇಹದೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಅವುಗಳ ಜಾಡು ಹಿಡಿಯುವ ಅಧ್ಯಯನ 2008ರಲ್ಲಿ ಶುರುವಾಯಿತು. ಕಾಳಿಂಗಕ್ಕೆ ಇತರ ಹಾವುಗಳೇ ಮುಖ್ಯ ಆಹಾರ. ಹೆಣ್ಣು ತರಗೆಲೆ ಗುಡ್ಡೆಹಾಕಿ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಹಾವುಗಳಲ್ಲಿ ಇದು ತೀರಾ ಅಪರೂಪ. ಪಠ್ಯಪುಸ್ತಕದ ಚಿತ್ರಕ್ಕಿಂತ ಇಂಥ ಗೂಡಿನ ಕಥೆಯೇ ಮಗುವಿಗೆ ಹೆಚ್ಚು ಕಲಿಸೀತು. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಈ ಊರಲ್ಲಿ ಇಂಬಳದ ಪಾಠವನ್ನಂತೂ ಯಾರೂ ಹೇಳಿಕೊಡಬೇಕಿಲ್ಲ.